ದೊಡ್ಡಾಕಿ ಆಗೂ ಪಿಚ್ಚರು

ಆರು ವರ್ಷದ ಮಗಳ ಜೋಡಿ ಕುಂತು ಯಾವ ಪಿಚ್ಚರ್ ಬೇಕಾದ್ರೂ ನೋಡಬಹುದು, ನಡುವ ಆಕಿ ನಿದ್ದಿ ಹತ್ತಿ ಮಲಗ್ತಾಳ. ಇಪ್ಪತ್ತಾರು ವರ್ಷದ ಮಗಳ ಜೋಡಿನೂ ನೋಡಬಹುದು, ಆಗ ನಡುವ ನಿದ್ದಿ ಹತ್ತಿ ನಾವು ಮಲಗ್ತೀವಿ. ಹದಿನಾಲ್ಕು ವರ್ಷದ ಮಗಳ ಜೋಡಿ ಪಿಚ್ಚರ್ ನೋಡೂದೈತಲ್ಲಾ, ಅಲ್ಲಿ ಮಾತ್ರ ಯಾರಿಗೂ ನಿದ್ದಿ ಬರಂಗಿಲ್ಲ. ಟೀವಿಯೊಳಗ ಒಂದು ಹುಡುಗ, ಒಂದು ಹುಡುಗಿ ಎದುರಾಬದರು ನಿಂತು ಸುಮ್ಮನಾದ್ರ ಸಾಕು, ಮನಿಯಾಗಿನ ದೊಡ್ಡಾವ್ರಿಗೆಲ್ಲಾ ಒಮ್ಮೆಲೆ ಕೆಲಸ ನೆನಪಾಗ್ತಾವ. ಒಬ್ಬರಿಗೆ ಹಾಲು ಉಕ್ಕಿದ ವಾಸನಿ ಬರ್ತೈತಿ. ಒಬ್ಬರಿಗೆ ಕೆಮ್ಮು ಬರ್ತೈತಿ. ಇನ್ನೊಬ್ಬರು ರಿಮೋಟ್ ಮ್ಯಾಲೆ ಹೆಬ್ಬಟ್ಟಿಟ್ಟು ತಯಾರಾಗ್ತಾರ. ಮಗಳು ಪಡದೆ ನೋಡ್ತಾಳ, ನಾವು ಮಗಳ ಮಾರಿ ನೋಡ್ತೀವಿ.

ಈ ಸಂಕಟಾ ನಾನು ಮೊದಲ ತೋಡಿಕೊಂಡಿದ್ದು ಬಾಜೂಮನಿ ದೊಡ್ಡವ್ವನ ಮುಂದ, ಬೇಲಿ ಈಚಿಗೆ ನಿಂತು. ನಮ್ಮ ಚಿಕ್ಕು ತ್ವಾಟಕ್ಕೂ ಅವರ ದಾಳಿಂಬ್ರಿ ತ್ವಾಟಕ್ಕೂ ನಡುವ ಒಂದು ಕಳ್ಳಿ ಬೇಲಿ. ದೊಡ್ಡವ್ವ ಅಂದ್ರ ರಕ್ತಸಂಬಂಧ ಏನಲ್ಲ, ಬೇಲಿ ಸಂಬಂಧ. ಅದು ರಕ್ತಕ್ಕಿಂತ ಗಟ್ಟಿ, ಯಾಕಂದ್ರ ಬೀಗರು ವರ್ಷಕ್ಕೊಮ್ಮೆ ಬರ್ತಾರ, ಬೇಲಿ ದಿನಾ ಇರ್ತೈತಿ. ನಮ್ಮ ಕಲಾದಗಿ ಒಂದ ಕಾಲಕ್ಕ ಜಿಲ್ಲಾ ಊರು. 1880ರ ದಶಕದಾಗ ಬ್ರಿಟಿಷ್ ಸಾಹೇಬ್ರು ಕಚೇರಿ, ದಫ್ತರ ಕಟಿಗೊಂಡು ವಿಜಾಪುರಕ್ಕ ಹೋದ್ರು. ಊರಿಗೆ ಉಳದಿದ್ದು ಎರಡ: ಹಣ್ಣು ಮತ್ತ ಮಾತು. ಹಣ್ಣಿಗೆ ಹಂಗಾಮು ಐತಿ, ಮಾತಿಗೆ ಇಲ್ಲ.

"ಯಾಕಬೇ ಟೀಚರ," ಅಂದ್ಳು ದೊಡ್ಡವ್ವ, ಮರದಾಗ ಶೇಂಗಾ ಹಾಕ್ಕೊಂಡು ಸುಲೀತ, "ನಿನ್ನಿ ರಾತ್ರಿ ನಿಮ್ಮ ಟೀವ್ಯಾಗ ಹೆಣ್ಮಕ್ಕಳು ಕೂಡಿ ಸೋಬಾನ ಹಾಡಿದಂಗ ಕೇಳಿಸ್ತು. ಯಾವ ಭಾಷಾನೋ ಏನೋ."

ನಾನು ಅಂಗನವಾಡಿ ಟೀಚರ. ಕೂಸುಗೋಳಿಗೆ ಅಷ್ಟ ಅಲ್ಲ, ಅವರ ಅಜ್ಜಿಗೋಳಿಗೂ ನಾನು ಟೀಚರ.

"ಅದು ಸೋಬಾನ ಅಲ್ಲ ದೊಡ್ಡವ್ವಾ, ಕಾರ್ಟೂನ್ ಪಿಚ್ಚರು. ಕೆನಡಾ ದೇಶದ ಟೊರಾಂಟೊ ಊರಾಗ ನಡಿಯೂ ಕಥಿ."

"ಅಲ್ಲೀನೂ ಸೋಬಾನ ಹಾಡ್ತಾರೇನು?"

ಕಥಿ ಹೇಳಬೇಕಾತು. ಒಂಬತ್ತನೇ ಕ್ಲಾಸ್ ಓದೂ ನಮ್ಮ ಹುಡುಗಿ, ಎಲ್ಲಾರೂ ಕೂಡಿ ಒಂದು ಪಿಚ್ಚರ್ ನೋಡೂಣು ಅಂದ್ಳು. ಯಾವದು ಅಂದೆ. ‘ಟರ್ನಿಂಗ್ ರೆಡ್’, ಕಾರ್ಟೂನು ಅಂದ್ಳು. ಕಾರ್ಟೂನ್ ಅಂದ ಮ್ಯಾಲೆ ನನಗ ನಿಶ್ಚಿಂತಿ ಆತು. ಇಲಿ ಬೆಕ್ಕು ಹೊಡದಾಡ್ತಾವ, ಮತ್ತೇನಿರ್ತೈತಿ ಅಂತ ನಮ್ಮನಿಯವ್ರನ್ನೂ ಕರದೆ, ನಮ್ಮತ್ತಿನ್ನೂ ಕರದೆ. ಚುರಮುರಿಗೆ ಒಗ್ಗರಣಿ ಹಾಕಿ, ಪಡಸಾಲ್ಯಾಗ ಜಮಖಾನಿ ಹಾಸಿ ಕುಂತ್ವಿ.

2022ರಾಗ ಬಂದ ಪಿಚ್ಚರ್ ಅದು, ಪಿಕ್ಸರ್ ಅನ್ನೂ ಕಂಪನಿದು. ಮಾಡಿದಾಕಿ ಡೋಮಿ ಶೀ. ಆ ಕಂಪನಿಯೊಳಗ ಒಂದು ಇಡೀ ಪಿಚ್ಚರ್ ಒಬ್ಬಾಕಿನ ಹೆಣ್ಮಗಳು ನಿರ್ದೇಶನ ಮಾಡಿದ್ದು ಅದ ಮೊದಲು. ಚೀನಾ ಮೂಲದ ಮನೆತನ, ಗುಡಿ ನೋಡಿಕೊಂಡಿರ್ತಾರ. ಮಗಳು ಮೇ, ಹದಿಮೂರು ವರ್ಷದಾಕಿ, ತಾಯಿ ಹೇಳಿದ್ದು ದಾಟಂಗಿಲ್ಲ. ಒಂದಿನ ಮುಂಜಾನೆ ಎದ್ದು ಕನ್ನಡ್ಯಾಗ ನೋಡ್ತಾಳ, ದೊಡ್ಡದೊಂದು ಕೆಂಪು ಪಾಂಡಾ ಆಗ್ಯಾಳ. ಸಿಟ್ಟು ಬಂದ್ರ ಪಾಂಡಾ, ನಾಚಿಕಿ ಬಂದ್ರ ಪಾಂಡಾ, ಖುಷಿ ಹೆಚ್ಚಾದ್ರೂ ಪಾಂಡಾ. ಮಗಳು ಬಾತರೂಮಿನ ಬಾಗಲಾ ಹಾಕ್ಕೊಂಡು ಒದ್ಯಾಡಾಕತ್ರ ತಾಯಿಗೆ ಬ್ಯಾರೆನ ಅನುಮಾನ. ಓಡಿ ಹೋಗಿ ಪ್ಯಾಡು, ಗುಳಗಿ, ಬಿಸಿನೀರಿನ ಚೀಲಾ ಎಲ್ಲಾ ಹೊತ್ತು ತರ್ತಾಳ. ಅಷ್ಟಕ್ಕ ಬಿಡಂಗಿಲ್ಲ. ಸಾಲಿ ಮಟಾ ಹೋಗಿ, ಗಿಡದ ಹಿಂದ ಅಡಗಿ ನಿಂತು, ಕ್ಲಾಸಿನ ಹುಡುಗ್ರೆಲ್ಲಾ ನೋಡೂವಾಗ ಪ್ಯಾಡಿನ ಡಬ್ಬಿ ಎತ್ತಿ ಹಿಡೀತಾಳ.

ನಮ್ಮ ಪಡಸಾಲ್ಯಾಗ ಚುರಮುರಿ ಅಗಿಯೂ ಸಪ್ಪಳ ನಿಂತಹೋತು.

"ಆ ಡಬ್ಬ್ಯಾಗ ಏನೈತಿ ಹುಡುಗಿ?" ಅಂದ್ರು ನಮ್ಮತ್ತಿ.

"ಪ್ಯಾಡ್, ಆಯಿ" ಅಂದ್ಳು ನಮ್ಮ ಹುಡುಗಿ, ಉಪ್ಪಿನ ಡಬ್ಬಿ ಅಂದಷ್ಟ ಸರಳ.

ನಮ್ಮನಿಯವ್ರು ಎದ್ದು ನಿಂತ್ರು. "ತ್ರೀ ಫೇಸ್ ಕರೆಂಟ್ ಬಂದಂಗೈತಿ, ಮೋಟಾರ್ ಚಾಲೂ ಮಾಡಿ ಬರ್ತೇನಿ" ಅಂತ ಬ್ಯಾಟರಿ ಹಿಡಕೊಂಡು ತ್ವಾಟದ ಕಡೆ ನಡದ್ರು.

ಇಲ್ಲೀ ಮಟಾ ಕೇಳಿದ ದೊಡ್ಡವ್ವ ಶೇಂಗಾ ಸುಲಿಯೂದು ನಿಲ್ಲಿಸಿದ್ಳು. "ನಿನ್ನಿ ರಾತ್ರಿ ಎಲ್ಲೀ ತ್ರೀ ಫೇಸ್ ಬೇ? ನಮ್ಮ ಮೋಟಾರ್ ಬೆಳತನಕ ಗಪ್ಪ ಕುಂತಿತ್ತು."

ನಾನು ಏನ್ ಅನ್ನಲಿ.

"ಇರಲಿ ಬಿಡು," ಅಂದ್ಳು. "ನಮ್ಮ ಮನಿಯವ್ರೂ ಹಂಗ ಇದ್ರು. ಆಗ ಮೋಟಾರ್ ಇರಲಿಲ್ಲ, ಎತ್ತಿಗೆ ಮೇವು ಹಾಕಾಕ ಹೋಗ್ತಿದ್ರು. ಮಗಳು ದೊಡ್ಡಾಕಿ ಆದ ವಾರ ನಮ್ಮ ಎತ್ತುಗೋಳು ತಿಂದ ಮೇವು ಮುಂದ ಎಂದೂ ತಿನಲಿಲ್ಲ. ಮತ್ತ ಆ ಸೋಬಾನ ಏನು?"

ಆ ಪಿಚ್ಚರನ್ಯಾಗ ಪಾಂಡಾ ಅನ್ನೂದು ಆ ಮನೆತನದ ಹೆಣ್ಮಕ್ಕಳಿಗೆಲ್ಲಾ ಹರೇದಾಗ ಬರೂದ ಐತಿ. ತಾಯಿಗೂ ಬಂದಿತ್ತು, ಆಯಿಗೂ ಬಂದಿತ್ತು. ಕೆಂಪು ಚಂದ್ರ ಮೂಡೂ ರಾತ್ರಿ ಆಯಿ, ಚಿಗವ್ವ, ದೊಡ್ಡವ್ವ ಎಲ್ಲಾರೂ ಬಂದು, ಗೆರಿ ಕೊರದು, ಸುತ್ತ ನಿಂತು ಮಂತ್ರಾ ಹಾಡಿ, ಆ ಪಾಂಡಾನ್ನ ಕಟ್ಟಿ ಒಂದು ದಾಗೀನದಾಗ ಮುಚ್ಚಿಡ್ತಾರ. ಎಲ್ಲಾರೂ ಹಂಗ ಮುಚ್ಚಿಟ್ಟಾರ. ಮೇ ಒಬ್ಬಾಕಿ ಒಲ್ಲೆ ಅಂತಾಳ, ನನ್ನ ಪಾಂಡಾ ನನ್ನ ಹತ್ರನ ಇರಲಿ ಅಂತಾಳ.

"ಅಂದ್ರ ಅವರದೂ ಆರತಿನ" ಅಂತ ತೀರ್ಪು ಕೊಟ್ಳು ದೊಡ್ಡವ್ವ.

ಆಕಿ ಹೇಳಿದ್ದು ಖರೇ ಐತಿ. ನಮ್ಮ ಕಡೆ ಹುಡುಗಿ ದೊಡ್ಡಾಕಿ ಆದ್ರ ಮೂಲ್ಯಾಗ ಕುಂದ್ರಸ್ತಾರ, ದಿನಾ ಸಂಜಿಗೆ ಓಣಿ ಹೆಣ್ಮಕ್ಕಳು ಕೂಡಿ ಆರತಿ ಮಾಡ್ತಾರ, ಸೋಬಾನ ಹಾಡ್ತಾರ. ಕೊಬ್ಬರಿ, ಬೆಲ್ಲ, ಉತ್ತತ್ತಿ, ತುಪ್ಪಾ ತಿನಸ್ತಾರ. ಉಡಿ ತುಂಬ್ತಾರ. ಗುಳೇದಗುಡ್ಡದ ಖಣದ ಕುಪ್ಪಸಾ, ಟೋಪ ತೆನಿ ಸೆರಗಿನ ಇಳಕಲ್ಲ ಸೀರಿ, ಹೆಣ್ಮಗಳ ಜೀವನದಾಗಿನ ಮೊದಲನೇ ಸೀರಿ. ಎಷ್ಟೋ ಮನಿಯಾಗ ಮದಿವಿಗಿಂತ ಈ ಆರತಿ ಫೋಟೋನ ಚಂದ ಬಂದಿರ್ತಾವ.

"ಇಡೀ ಓಣಿ ನನಗ ಆರತಿ ಮಾಡ್ತು," ಅಂದ್ಳು ದೊಡ್ಡವ್ವ. "ಕುಂಬಾರ ಮನಿಗೆ ಗೊತ್ತಾತು, ಬಡಿಗೇರ ಮನಿಗೆ ಗೊತ್ತಾತು, ಬಳಿ ತೊಡಸಾಕ ಬಂದಾಕಿಗೂ ಗೊತ್ತಾತು. ನನಗೇನಾಗೇತಿ ಅಂತ ನನಗ ಒಬ್ರೂ ಹೇಳಲಿಲ್ಲ. ಹುಣಸಿ ಗಿಡದಿಂದ ಇಳಿಯೂವಾಗ ಎಲ್ಲೋ ಪೆಟ್ಟಾಗೇತಿ ಅಂತ ತಿಳಕೊಂಡಿದ್ದೆ. ಹೇಳಿದ್ರ ಗಿಡ ಹತ್ತಿದ್ದು ಗೊತ್ತಾಗತೈತಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಆರತಿ ಮುಗದ ಮ್ಯಾಲೆ ನಮ್ಮವ್ವ ಹೇಳಿದ್ದು ಒಂದ ಮಾತು, ‘ಇನ್ನ ಗಿಡಾ ಹತ್ತಬ್ಯಾಡ’. ನಾನು ಹೌದಲ್ಲ, ಗಿಡದಿಂದನ ಆಗೇತಿ ಅಂದ್ಕೊಂಡೆ."

ನಾವಿಬ್ಬರೂ ನಕ್ಕೂ ನಕ್ಕೂ ಸಾಕಾತು. ಆದ್ರ ಆ ಮಾತಿನೊಳಗ ನಮ್ಮ ಹಳೇ ಪದ್ಧತಿಯ ಪೂರಾ ಲೆಕ್ಕ ಐತಿ. ಆರತಿ ಊರಿಗೆ ಸುದ್ದಿ ಮುಟ್ಟಸೂ ಪದ್ಧತಿ, ಹುಡುಗಿಗೆ ತಿಳಸೂ ಪದ್ಧತಿ ಅಲ್ಲ. ಇವತ್ತ ಸಾಲ್ಯಾಗ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಗುಳಗಿ ಕೊಡ್ತಾರ, 2013-14ರಾಗ ಚಾಲೂ ಆದ ‘ಶುಚಿ’ ಯೋಜನಾದಾಗ ಪ್ಯಾಡ್ ಕೊಡ್ತಾರ. ಕಿಶೋರಿಯರ ಸಭಾದಾಗ ನಾನ ಗ್ವಾಡಿಗೆ ಚಾರ್ಟ್ ಹಚ್ಚಿ, ಕೋಲು ಹಿಡದು ಹೇಳ್ತೇನಿ. ಮಂದಿ ಮಕ್ಕಳಿಗೆ ಹೇಳೂದು ಸಸಾರ. ಮನಿಯಾಗ ಮಗಳ ಎದುರು ಕುಂತು ಹೇಳೂದು ಬಂತಂದ್ರ ಟೀಚರಿಗೂ ಗಂಟಲಾ ಹಿಡೀತೈತಿ.

ಪಿಚ್ಚರ್ ಕೆಲಸಕ್ಕ ಬರೂದು ಇಲ್ಲೇ ನೋಡ್ರಿ. ಎದುರಾಬದರು ಕುಂತ್ರ ಅದು ವಿಚಾರಣಿ ಆಗತೈತಿ, ಬಾಜೂಕ ಕುಂತ್ರ ಮಾತು ಆಗತೈತಿ. ಇಬ್ಬರ ಕಣ್ಣೂ ಟೀವಿ ಮ್ಯಾಲೆ ಇರ್ತಾವ, ಕೈಗೆ ಚುರಮುರಿ ಇರ್ತಾವ, ದೀಪ ಆರಿರ್ತೈತಿ. ಆಗ ಮಗಳು ಕೇಳೂದು ತನ್ನ ಬಗ್ಗೆ ಅಲ್ಲ, ಮೇ ಬಗ್ಗೆ. ತಾಯಿ ಹೇಳೂದೂ ಮೇ ಬಗ್ಗೆನ. ಇಬ್ಬರಿಗೂ ಗೊತ್ತಿರ್ತೈತಿ ಮಾತು ಯಾರದು ಅಂತ, ಇಬ್ಬರೂ ಗೊತ್ತಿಲ್ಲದಂಗ ಇರ್ತೀವಿ. ಪಿಚ್ಚರಿನ ಕಡೀಕ ಒಂದು ಬಿದರಿನ ಅಡವಿಯೊಳಗ ಮೇಗೆ ಒಂದು ಹುಡುಗಿ ಅಳಕೋತ ಕುಂತಿದ್ದು ಕಾಣ್ತೈತಿ. ಯಾರು ಅಂದ್ರ ಆಕಿ ತಾಯಿನ, ಹರೇದ ವಯಸ್ಸಿನಾಕಿ. ತನ್ನ ತಾಯಿನ್ನ ಎಂದೂ ಖುಷಿ ಪಡಸಾಕ ಆಗಲಿಲ್ಲ ಅಂತ ಅಳ್ತಿರ್ತಾಳ. ಮಗಳು ಆಕಿ ಕೈ ಹಿಡದು ಕರಕೊಂಡು ಹೊರಗ ಬರ್ತಾಳ. ಅದನ್ನ ನೋಡಿ ನಮ್ಮ ಹುಡುಗಿ, ಟೀವಿಯಿಂದ ಕಣ್ಣು ತಗೀಲಾರದ, "ನೀನೂ ಹಿಂಗ ಅತ್ತಿದ್ದೇನವ್ವಾ?" ಅಂದ್ಳು.

ಬಿ.ಎ. ಮೊದಲನೇ ವರ್ಷದಾಗ ನಿಮ್ಮಜ್ಜ ನನ್ನ ಮದಿವಿ ಮಾಡಿದಾಗ ಅತ್ತಿದ್ದೆ ಅಂದೆ. ಆಕಿ ಮುಂದ ಏನೂ ಕೇಳಲಿಲ್ಲ, ಚುರಮುರಿ ತಾಟು ನನ್ನ ಕಡೆ ಸರಿಸಿದ್ಳು. ಎದುರು ಕುಂದ್ರಸಿಕೊಂಡು ಹೇಳಾಕ ಹೋಗಿದ್ರ ಈ ಮಾತಿಗೆ ನನಗ ಇನ್ನೂ ಹತ್ತು ವರ್ಷ ಬೇಕಾಗ್ತಿತ್ತು.

"ಅದೇನೋ ಪರದೇಶದ ಪಿಚ್ಚರ್ ಆತು. ನಮ್ಮ ಕನ್ನಡದಾಗ ಇಂಥಾವು ಇಲ್ಲೇನು?" ಅಂದ್ಳು ದೊಡ್ಡವ್ವ.

ಅದಾವ. ಮಗಳೂ ಅದನ್ನ ಕೇಳಿದ್ಳು, ನಿಮ್ಮ ಕಾಲದ್ದು ಯಾವದರ ತೋರ್ಸು ಅಂತ. ನನಗ ನೆನಪಾಗಿದ್ದು ಶಶಾಂಕ್ ನಿರ್ದೇಶನದ ‘ಮೊಗ್ಗಿನ ಮನಸು’. 2008ರ ಜುಲೈದಾಗ ಬಂದಿದ್ದು. ‘ಮುಂಗಾರು ಮಳೆ’ ತಗದ ಇ. ಕೃಷ್ಣಪ್ಪನವರದ ಅದೂ. ಮಂಗಳೂರು ಕಡೆ ಪಿಯುಸಿ ಓದೂ ನಾಕು ಹುಡುಗ್ಯಾರು, ಅವರ ಗೆಳೆತನ, ಅವರ ಪ್ರೀತಿ, ಅವರ ಪೆಟ್ಟು. ಬರೇ ಹುಡುಗ್ಯಾರನ್ನ ನಡುವ ಇಟ್ಟು ಕನ್ನಡದಾಗ ಹಂಥಾ ಪಿಚ್ಚರ್ ಬರೂದು ಅಪರೂಪ. ರಾಧಿಕಾ ಪಂಡಿತ್ ಅವರ ಮೊದಲನೇ ಪಿಚ್ಚರ್, ಅದಕ್ಕ ಫಿಲ್ಮ್‌ಫೇರ್ ಪ್ರಶಸ್ತಿ ತಗೊಂಡ್ರು. ಯಶ್ ಅವರಿಗೂ ಬಂತು. ಆಗ ನಾನೂ ಪಿಯುಸಿ. ಕಲಾದಗಿಯಿಂದ ಬಾಗಲಕೋಟಿಗೆ ಬಸ್ಸಿನ್ಯಾಗ ಹೋಗಿ, ಗೆಳತ್ಯಾರ ಜೋಡಿ ಮ್ಯಾಟಿನಿ ನೋಡಿ, ಮನಿಯಾಗ ಪ್ರ್ಯಾಕ್ಟಿಕಲ್ ಕ್ಲಾಸ್ ಇತ್ತು ಅಂತ ಹೇಳಿದ್ದೆ. ಇದನ್ನ ಮಗಳ ಮುಂದ ಹೆಮ್ಮಿಲೆ ಹೇಳಿದ್ರ, "ಅವ್ವಾ, ನೀನು ಆರ್ಟ್ಸ್ ಅಲ್ಲೇನು? ಆರ್ಟ್ಸಿಗೆ ಎಲ್ಲೀ ಪ್ರ್ಯಾಕ್ಟಿಕಲ್?" ಅಂದ್ಳು. ನಮ್ಮಪ್ಪಗ ಹೊಳೀಲಾರದ್ದು ಮಮ್ಮಗಳಿಗೆ ಹೊಳೀತು.

ಯಶ್ ಬಂದ ಕೂಡಲೇ ಆಕಿ, "ರಾಕಿ ಭಾಯ್ ಇಷ್ಟು ಸಣ್ಣಾಂವ ಇದ್ನಾ!" ಅಂತ ಎದ್ದು ಕುಂತ್ಳು. ಆಕಿಗೆ ಯಶ್ ಅಂದ್ರ 2018ರ ‘ಕೆಜಿಎಫ್’ ಪಿಚ್ಚರಿನ ರಾಕಿ ಭಾಯ್. ನಮಗ ಯಶ್ ಅಂದ್ರ ಮೊದಲ ಟೀವಿ ಧಾರಾವಾಹಿ, ಆಮ್ಯಾಲೆ ಈ ಪಿಚ್ಚರು. ಮುಂದ 2016ರಾಗ ಯಶ್, ರಾಧಿಕಾ ಇಬ್ಬರೂ ಖರೇಖರೇ ಮದಿವಿ ಆದ್ರು ಅಂತ ಹೇಳಿದೆ. ಆದ್ರ ಪಿಚ್ಚರನ್ಯಾಗ ಆತನ ಪಾತ್ರ ಪ್ರೀತಿ ಮಾಡೂದಕ್ಕಿಂತ ಕಟ್ಟಳಿ ಹಾಕೂದ ಹೆಚ್ಚು. ಹಂಗ ಇರು, ಹಿಂಗ ಇರು. ಮಗಳು ಕೇಳಿದ್ಳು, "ಇಂವ ಹಿಂಗ ಮಾಡೂವಾಗ ಥೇಟರನ್ಯಾಗ ನೀವೆಲ್ಲಾ ಏನ್ ಮಾಡ್ತಿದ್ರಿ?"

"ಹುಡುಗ ಚಂದ ಅದಾನ ಅಂತ ಮಾತಾಡ್ತಿದ್ವಿ."

"ನಂಬರ್ ಬ್ಲಾಕ್ ಮಾಡಿದ್ರ ಇಂಟರ್‌ವಲ್ಲಿಗೆ ಪಿಚ್ಚರ್ ಮುಗೀತಿತ್ತು" ಅಂದ್ಳು.

ಇದನ್ನ ಕೇಳಿ ದೊಡ್ಡವ್ವ ಕಣ್ಣೊರಸಿಕೊಂಡು ನಕ್ಕಳು. "ನೀನರ ಕದ್ದು ಹೋದಿ. ನಾವು ರಾಜಾರೋಷ ಹೋಗ್ತಿದ್ವಿ, ಅವ್ವನ ಜೋಡಿನ" ಅಂದ್ಳು. ಆಕಿ ಕಾಲಕ್ಕ ಬನದ ಹುಣ್ಣಿವಿ ಬಂತಂದ್ರ ಚಕ್ಕಡಿ ಹೂಡಿಕೊಂಡು ಬಾದಾಮಿ ಬನಶಂಕರಿ ಜಾತ್ರಿಗೆ ಹೋಗೂದು. ಅಲ್ಲಿ ಸಾಲಕ ಸಾಲು ನಾಟಕ ಕಂಪನಿ. ಜಾತ್ರಿ ಇದ್ದಷ್ಟೂ ದಿನ ಬೆಳತನಕ ನಾಟಕ. ಹಾಸ್ಯದಾವ್ರು ಬಂದು ಎರಡರ್ಥದ ಮಾತು ಚಾಲೂ ಮಾಡಿದ್ರ ಅವ್ವಗೋಳು ಮಕ್ಕಳ ಕಿವಿಗೆ ಸೆರಗು ಮುಚ್ಚೂದು. "ಇಳಕಲ್ಲ ಸೀರಿ ಸೆರಗು ಎಷ್ಟು ದಪ್ಪಿದ್ರೂ ಮಾತು ಒಳಗ ಬರ್ತಿದ್ವು" ಅಂದ್ಳು ದೊಡ್ಡವ್ವ. ‘ಸಂಪತ್ತಿಗೆ ಸವಾಲ್’ ಆಕಿ ಅಲ್ಲೇ ನೋಡ್ಯಾಳ. ಬರದಾವ್ರು ನಮ್ಮ ಹುನಗುಂದ ಸೀಮಿಯ ಸೂಳೇಭಾವಿಯ ಪಿ.ಬಿ. ಧುತ್ತರಗಿ. ಅದು 1974ರಾಗ ರಾಜಕುಮಾರ್, ಮಂಜುಳಾ ಅವರ ಪಿಚ್ಚರ್ ಆತು. ರಾಜಕುಮಾರ್ ಎಮ್ಮಿ ಮ್ಯಾಲೆ ಕುಂತು ಹಾಡಿದ್ದು ಅದರಾಗನ. ಶ್ರೀಮಂತರ ಮನಿ ಹುಡುಗಿ ಸೊಕ್ಕು ಇಳಸೂ ಕಥಿ.

"ಆ ಹುಡುಗಿ ಸೊಕ್ಕು ಇಳದಾಗ ತಗಡಿನ ಥೇಟರ್ ಹಾರಿಹೋಗೂವಂಗ ಚಪ್ಪಾಳಿ ಬಿದ್ವು. ನಮ್ಮವ್ವ ನನ್ನ ತೊಡಿ ಚಿವುಟಿ ‘ಕಂಡ್ಯಾ?’ ಅಂದ್ಳು. ನಾ ಏನ್ ಸೊಕ್ಕು ಮಾಡಿದ್ನೆಬೇ? ನನ್ನ ಹತ್ರ ಎರಡು ಪರಕಾರ ಇದ್ವು!"

ನಮ್ಮ ಹುಡುಗಿ ಎತ್ತಿದ ಒಂದು ಪ್ರಶ್ನೆ ನನಗ ಖರೇವಂದ್ರ ತಟ್ಟಿದ್ದು ದೊಡ್ಡವ್ವನ ಈ ಮಾತು ಕೇಳಿದಾಗ. ‘ಮೊಗ್ಗಿನ ಮನಸು’ ಆದ ಮ್ಯಾಲೆ ಆಕಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಹಾಕಿದ್ಳು. 2018ರ ಪಿಚ್ಚರ್, ಮಕ್ಕಳ ಪಿಚ್ಚರಂತ ರಾಷ್ಟ್ರಪ್ರಶಸ್ತಿ ಬಂದೈತಿ. ಗಡಿನಾಡಿನ ಕನ್ನಡ ಸಾಲಿ ಮುಚ್ಚೂ ಕಥಿ ಅಂತ ನಾವು ಹೇಳ್ತೀವಿ, ಆದ್ರ ಅದರೊಳಗ ಮೀಸಿ ಚಿಗಿಯೂ ಹುಡುಗ್ರ ಕಥಿ ಐತಿ. ಆ ಹುಡುಗ ಪ್ರವೀಣ ಕ್ಲಾಸಿನ ಪಲ್ಲವಿನ್ನ ನೋಡಿ ಒದ್ದಾಡೂದು, ಹುಡುಗ್ರು ಸಾಲಿ ಉಳಸಾಕ ಮೈಸೂರಿಗೆ ಹೋಗೂದು, ಅನಂತನಾಗ್ ಅವರನ್ನ ಹಿಡಕೊಂಡು ಬರೂದು. ನಕ್ಕೋತ ಎರಡೂವರಿ ತಾಸು ಹೋದದ್ದು ಗೊತ್ತಾಗಂಗಿಲ್ಲ. ನಮ್ಮನಿಯವ್ರೂ ಪೂರಾ ಕುಂತು ನೋಡಿದ್ರು. ಆವತ್ತ ತ್ರೀ ಫೇಸ್ ಖರೇನ ಬಂದಿತ್ತು, ಆದ್ರೂ ಏಳಲಿಲ್ಲ.

ಪಿಚ್ಚರ್ ಮುಗದ ಮ್ಯಾಲೆ ಹುಡುಗಿ ಕೇಳಿದ್ಳು: "ಅವ್ವಾ, ಹುಡುಗ್ರು ದೊಡ್ಡಾವ್ರಾಗೂ ಪಿಚ್ಚರನ್ಯಾಗ ನಗಸ್ತಾರ. ಹುಡುಗ್ಯಾರು ದೊಡ್ಡಾಕಿ ಆಗೂ ಪಿಚ್ಚರನ್ಯಾಗ ಅಳಸ್ತಾರ. ಯಾಕ?"

ನಾನು ಬೆರಳು ಮಡಚಿ ಎಣಸಾಕತ್ತೆ. 1993ರ ‘ಚಿನ್ನಾರಿ ಮುತ್ತ’ದಾಗ ಹಳ್ಳಿ ಹುಡುಗ ಓಡ್ತಾನ, ಗೆಲ್ಲತಾನ. 2007ರ ‘ಚೆಲುವಿನ ಚಿತ್ತಾರ’ದಾಗ ಹುಡುಗಿ ಓಡಿಹೋಗ್ತಾಳ, ಮನಿ ಮಂದಿ ಹಿಡದು ತಂದು ಬ್ಯಾರೆ ಕಡೆ ಮದಿವಿ ಮಾಡ್ತಾರ. ಹುಡುಗ್ರ ಓಟಕ್ಕ ಪದಕ ಐತಿ, ಹುಡುಗ್ಯಾರ ಓಟಕ್ಕ ಪೆಟ್ಟು ಐತಿ. ಆ ನಾಯಕಿ ಪಾತ್ರ ಮಾಡೂವಾಗ ಅಮೂಲ್ಯಾ ಹೈಸ್ಕೂಲ್ ವಯಸ್ಸಿನಾಕಿ. 2016ರ ಮರಾಠಿ ‘ಸೈರಾಟ್’ ನಮ್ಮ ಕಡೆ ಕನ್ನಡದ್ದ ಅನ್ನೂವಂಗ ಓಡ್ತು, ಇವತ್ತಿಗೂ ಮದಿವಿ ಮೆರವಣಿಗ್ಯಾಗ ಅದರ ಹಾಡು ಇಲ್ಲದ ಬ್ಯಾಂಡ್ ಬಾರಸಂಗಿಲ್ಲ. ಅದರಾಗಿನ ಆರ್ಚಿ ಬುಲೆಟ್ ಹೊಡೀತಾಳ, ಟ್ರ್ಯಾಕ್ಟರ್ ಹೊಡೀತಾಳ, ಕಡೀಕ ತವರುಮನಿ ಮಂದಿ ಕೈಯಾಗ ಸಾಯ್ತಾಳ. ಅದನ್ನ ಮುಂದಿನ ವರ್ಷ ಕನ್ನಡದಾಗ ‘ಮನಸು ಮಲ್ಲಿಗೆ’ ಅಂತ ತಗದ್ರು, ನಾಯಕಿ ಅದ ಅಕಲೂಜದ ಹುಡುಗಿ ರಿಂಕು ರಾಜಗುರು. ಹಿಂದಕ್ಕ ಹೋದ್ರ ಪ್ರೇಮಾ ಕಾರಂತರ ‘ಫಣಿಯಮ್ಮ’, ಕೂಸಿದ್ದಾಗ ಮದಿವಿ, ಕೂಸಿದ್ದಾಗನ ವಿಧವಿ. 1977ರ ‘ಘಟಶ್ರಾದ್ಧ’ದಾಗಂತೂ ಹುಡುಗ ನಾಣಿ ಜಗತ್ತು ಏನಂತ ತಿಳಕೋತಾನ ಖರೇ, ಆದ್ರ ಆತನ ತಿಳುವಳಿಕಿಗೆ ಬೆಲಿ ತೆತ್ತಾಕಿ ಯಮುನಾ. ಆಕಿ ಬದುಕಿರೂವಾಗನ ಆಕಿ ಶ್ರಾದ್ಧ ಮಾಡಿ ಮನಿ ಬಿಟ್ಟು ಹೊರಗ ಹಾಕ್ತಾರ.

ಇವೆಲ್ಲಾ ಕೆಟ್ಟ ಪಿಚ್ಚರ್ ಅಂತ ನಾ ಅನ್ನಂಗಿಲ್ಲ. ಕೆಲವು ನಮ್ಮ ನಾಡಿನ ಮಾನಾ ಹೆಚ್ಚಿಸಿದಾವು. ಜಗತ್ತು ಹಂಗ ಇದ್ದದ್ದಕ್ಕ ಹಂಗ ತೋರಿಸ್ಯಾರ. ಆದ್ರ ಪಡಸಾಲ್ಯಾಗ ಕುಂತ ಅಪ್ಪಗೋಳು ಇವನ್ನ ನೋಡಿ ಕಲಿಯೂದೇನು? ಹುಡುಗಿ ದೊಡ್ಡಾಕಿ ಆದ್ಳಂದ್ರ ಏನೋ ಒಂದು ಅನಾಹುತ ಆಗೂದೈತಿ ಅಂತ ಕಲೀತಾರ. ನಮ್ಮ ಅಂಗನವಾಡಿ ಸುತ್ತಲಿನ ಓಣ್ಯಾಗ ನಾನು ಕಂಡಿದ್ದು ಇದ. ಮಗಳು ಪಿಚ್ಚರಿನಂಗ ಓಡಿಹೋದಾಳಂತ ಹೆದರಿ, ಹತ್ತನೇತ್ತಾ ಪರೀಕ್ಷಾ ಮುಗೀತಿದ್ದಂಗ ವರಾ ಹುಡುಕಾಕ ನಿಲ್ತಾರ. ಹದಿನೆಂಟು ತುಂಬದ ಹುಡುಗಿ ಮದಿವಿ ಮಾಡಬಾರದು ಅಂತ 2006ರ ಕಾಯ್ದೆ ಹೇಳ್ತೈತಿ. ಆ ಕಾಯ್ದೆ ಹೇಳಾಕ ನಾನು ಮನಿಮನಿಗೆ ಹೋದ್ರ, "ಕಾಲ ಕೆಟ್ಟೈತ್ರಿ ಟೀಚರ, ಪಿಚ್ಚರ್ ನೋಡೀರಿಲ್ಲೋ?" ಅಂತ ನನಗ ಹೇಳ್ತಾರ. ಓಡಿಹೋಗೂ ಪಿಚ್ಚರ್ ನೋಡಿ ಹುಡುಗ್ಯಾರು ಕೆಟ್ಟದ್ದು ಕಡಿಮಿ, ಅಪ್ಪಗೋಳು ಹೆದರಿದ್ದು ಹೆಚ್ಚು.

ಟೊರಾಂಟೊದ ಆ ಪಾಂಡಾ ಹುಡುಗಿ ನನಗ ಹಿಡಿಸಿದ್ದು ಇದಕ್ಕ. ಆಕಿ ಸಿಟ್ಟಿಗೇಳ್ತಾಳ, ಸುಳ್ಳು ಹೇಳ್ತಾಳ, ತಾಯಿಗೆ ಎದುರು ನಿಲ್ತಾಳ, ಗೆಳತ್ಯಾರ ಜೋಡಿ ಹಾಡು ಕೇಳಾಕ ಕದ್ದು ಹೋಗ್ತಾಳ. ಇಷ್ಟೆಲ್ಲಾ ಮಾಡಿದ್ರೂ ಪಿಚ್ಚರ್ ಮುಗಿಯೂವಾಗ ಜೀವಂತ ಇರ್ತಾಳ, ನಕ್ಕೋತ ಇರ್ತಾಳ, ಮನಿಯಾಗ ಇರ್ತಾಳ. ನಮ್ಮ ಹುಡುಗ್ಯಾರಿಗೆ ಇದು ದೊಡ್ಡ ಸುದ್ದಿ.

"ನಮ್ಮ ಮಂದಿ ಮಾತಾಡೂ ಭಾಷಾದಾಗ ಹಂಥಾದ್ದು ಯಾರೂ ತಗೀಲಿಲ್ಲೇನು?" ಅಂದ್ಳು ದೊಡ್ಡವ್ವ.

ನಮ್ಮ ಭಾಷಾದಾಗ ಆಗಂಗಿಲ್ಲ ಅನ್ನಾಕ ಬರಂಗಿಲ್ಲ. ಪಕ್ಕದ ಕೊಪ್ಪಳ ಜಿಲ್ಲಾದ ಯರೇಹಂಚಿನಾಳದಾಗ ಜೈಶಂಕರ್ ಆರ್ಯರ್ ‘ಶಿವಮ್ಮ’ ತಗದ್ರು. ಸಾಲ್ಯಾಗ ಅಡಗಿ ಮಾಡೂ ಹೆಣ್ಮಗಳು ಶಕ್ತಿ ಪುಡಿ ಮಾರಾಕ ಓಣಿ ಓಣಿ ತಿರಗೂ ಕಥಿ. ಊರಿನ ಮಂದಿನ ಪಾತ್ರ ಮಾಡ್ಯಾರ, ನಾವು ಮಾತಾಡಿದಂಗ ಮಾತಾಡ್ಯಾರ. 2022ರಾಗ ಕೊರಿಯಾ ದೇಶದ ಬುಸಾನ್ ಚಿತ್ರೋತ್ಸವದಾಗ ಅದಕ್ಕ ಪ್ರಶಸ್ತಿ ಬಂತು. ಹಟಮಾರಿ ತಾಯಿ ಪಿಚ್ಚರ್ ಆದ್ಳು, ಇನ್ನ ಹಟಮಾರಿ ಮಗಳ ಪಿಚ್ಚರ್ ಆಗಬೇಕು.

ಕಥಿಗೆ ಬರಾ ಇಲ್ಲ. ನಮ್ಮ ಬೀಳಗಿಯಾಕಿ ಅಮೀರಬಾಯಿ ಕರ್ನಾಟಕಿ. ನಾಟಕ ಮಂದಿ ಮನೆತನದಾಗ ಹುಟ್ಟಿ, ಹರೇದಾಗ ಮುಂಬೈ ಹಾದಿ ಹಿಡದು, 1943ರ ‘ಕಿಸ್ಮತ್’ ಪಿಚ್ಚರನ್ಯಾಗ ಹಾಡಿ ಇಡೀ ಹಿಂದೂಸ್ತಾನಕ್ಕ ಗೊತ್ತಾದಾಕಿ. ರಹಮತ್ ತರೀಕೆರೆಯವರು ಆಕಿ ಮ್ಯಾಲೆ ಪುಸ್ತಕಾನ ಬರದಾರ. ಬೀಳಗಿ ಧೂಳಿನ್ಯಾಗ ಆಡಿದ ಹುಡುಗಿಗೆ ಮುಂಬೈಗೆ ಹೋಗೂ ಧೈರ್ಯ ಎಲ್ಲಿಂದ ಬಂತು ಅಂತ ಒಂದು ಪಿಚ್ಚರ್ ತಗದ್ರ ನಾನು ಊರಿನ ಕಿಶೋರಿಯರನ್ನೆಲ್ಲಾ ಬಸ್ಸಿನ್ಯಾಗ ತುಂಬಿಕೊಂಡು ಹೋಗ್ತೇನಿ.

"ಅಲ್ಲೀ ತನಕ?" ಅಂದ್ಳು ದೊಡ್ಡವ್ವ. "ಇದ್ದ ಪಿಚ್ಚರ್ ಹೆಂಗ ನೋಡೂದು ಮಗಳ ಜೋಡಿ?"

ನಾನು ಕಂಡುಕೊಂಡಿದ್ದು ಹೇಳ್ತೇನಿ. ಮುಜುಗರದ ಜಾಗಾ ಬಂದ್ರ ಪಿಚ್ಚರ್ ಮುಂದ ಓಡಸಬ್ಯಾಡ್ರಿ. ಓಡಿಸಿದ್ದನ್ನ ಮಗಳು ಮರುದಿನ ಒಬ್ಬಾಕಿನ ನೋಡ್ತಾಳ, ಆಗ ಕೇಳಾಕ ಬಾಜೂಕ ಯಾರೂ ಇರಂಗಿಲ್ಲ. ಪಿಚ್ಚರ್ ಮುಗದ ಕೂಡಲೇ "ಇದರಿಂದ ಏನ್ ಕಲ್ತಿ?" ಅಂತ ಕೇಳಬ್ಯಾಡ್ರಿ, ಆ ಪ್ರಶ್ನೆ ಸಾಲಿ ಪುಸ್ತಕದ ಹಿಂದ ಇರಲಿ. ತೊಡಿ ಚಿವುಟಬ್ಯಾಡ್ರಿ. ಆಕಿ ಕೇಳಿದಷ್ಟಕ್ಕ ಹೇಳ್ರಿ, ಕೇಳೀ ತನಕ ತಡೀರಿ. ಎಲ್ಲಾಕ್ಕಿಂತ ಮುಖ್ಯ, ಕೈಯಾಗ ಏನರ ತಿನ್ನಾಕ ಇರಲಿ, ಬಾಯಿ ತುಂಬಿದ್ರ ಉಪದೇಶ ಕಡಿಮಿ ಬರ್ತೈತಿ.

ಇನ್ನೊಂದು ಮಾತು, ಇದು ದೊಡ್ಡವ್ವ ಹೇಳಿ ಬರಸಿದ್ದು. ಪಿಚ್ಚರಿಗೆ ‘ಯುಎ’ ಅನ್ನೂ ಮುದ್ರಿ 1983ರಿಂದ ಐತಿ. ಈಗ ಅದನ್ನ ಏಳು, ಹದಿಮೂರು, ಹದಿನಾರು ಅಂತ ವಯಸ್ಸು ನೋಡಿ ಮೂರು ಮಾಡ್ಯಾರ, ಮನಿಯಾಗ ಮೊಬೈಲು, ಟೀವ್ಯಾಗ ಬರೂ ಓಟಿಟಿಗೆ 2021ರ ನಿಯಮದಾಗ, ಥೇಟರಿಗೆ 2023ರ ತಿದ್ದುಪಡಿಯಾಗ. ಆ ಮುದ್ರಿಯ ತಾತ್ಪರ್ಯ, ತಂದಿ ತಾಯಿ ತಿಳಿಹೇಳಿ ತೋರಸ್ರಿ ಅಂತ. ಬರೇ ತಾಯಿ ಅಂತ ಸರ್ಕಾರ ಎಲ್ಲೂ ಬರದಿಲ್ಲ. ಆದ್ದರಿಂದ ಊರಿನ ಅಪ್ಪಗೋಳಲ್ಲಿ ನಮ್ಮಿಬ್ಬರದೂ ವಿನಂತಿ: ಮೋಟಾರಿಗೆ ಆಟೋ ಸ್ಟಾರ್ಟರ್ ಕೂಡಸ್ರಿ, ಮಗಳ ಜೋಡಿ ಪಿಚ್ಚರ್ ಮುಗಿಯೂ ತನಕ ಕುಂದರ್ರಿ.